ಪಂಚಾಯಿತಿ ದಾಖಲೆಗಳಲ್ಲಿ ಅಳತೆಯ ಚಿಹ್ನೆಗಳು: ಸದಸ್ಯರು ಗಮನಿಸಬೇಕಾದ ಅಂಶಗಳು

ಬೆಂಗಳೂರು ದಕ್ಷಿಣ ತಾಲ್ಲೂಕಿನ ಗ್ರಾಮ ಪಂಚಾಯಿತಿಗಳ ನಡವಳಿ, ಅಂದಾಜು ಪಟ್ಟಿ ಹಾಗೂ ತಿಳಿವಳಿಕೆ ಪತ್ರಗಳು ಕಚೇರಿಯ ಗಣಕಯಂತ್ರದಲ್ಲಿ ಅಥವಾ ಬನಶಂಕರಿ, ಜಯನಗರಗಳಂತಹ ಕಡೆಯ ಡಿಟಿಪಿ ಕೇಂದ್ರಗಳಲ್ಲಿ ಸಿದ್ಧಗೊಳ್ಳುತ್ತವೆ. ಒಂದು ಗಣಕಯಂತ್ರದಲ್ಲಿ ಸರಿಯಾಗಿ ಕಂಡ ಅಳತೆಯ ಚಿಹ್ನೆಯು ಮತ್ತೊಂದರಲ್ಲಿ ಬೇರೆಯಾಗಿ ಕಾಣಬಹುದು. ಅಕ್ಷರ ಕೆಟ್ಟರೆ ಓದುವವರಿಗೆ ಕೂಡಲೇ ತಿಳಿಯುತ್ತದೆ. ಚಿಹ್ನೆ ಬದಲಾದರೆ ಹಲವು ವೇಳೆ ತಿಳಿಯುವುದೇ ಇಲ್ಲ.

ಕಾರಣವೇನು?

ನುಡಿ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಹಾಗೂ ಚಿಹ್ನೆಗಳ ಸ್ಥಾನದಲ್ಲಿ ಕನ್ನಡ ಅಕ್ಷರಗಳನ್ನು ಇರಿಸಿವೆ. ವರ್ಗದ ಗುರುತಾದ ² ಇರುವಲ್ಲಿ ‘ಶಿ’, ಡಿಗ್ರಿಯ ° ಇರುವಲ್ಲಿ ‘ಲಿ’ ಮೂಡುತ್ತದೆ. ರೂಪಾಯಿ ಚಿಹ್ನೆ ₹ ಅಂಗೀಕಾರವಾದದ್ದು 2010ರ ಜುಲೈನಲ್ಲಿ. ಅದಕ್ಕಿಂತ ಹಿಂದಿನ ಫಾಂಟ್‌ಗಳಲ್ಲಿ ಅದರ ಬದಲು ಖಾಲಿ ಚೌಕ ಕಾಣಬಹುದು.

ಹೆಚ್ಚು ಅಪಾಯಕಾರಿಯಾದುದು ‘ಸಿಂಬಲ್’ ಫಾಂಟ್. ಅದರಲ್ಲಿ ಇಂಗ್ಲಿಷಿನ ‘ಎಂ’ ಅಕ್ಷರವೇ ಮೈಕ್ರೋ ಚಿಹ್ನೆ µ ಆಗಿ ಕಾಣುತ್ತದೆ. ಫಾಂಟ್ ಬದಲಾದೊಡನೆ ಅದು ಮರಳಿ ‘ಎಂ’ ಆಗಿ, ಮೈಕ್ರೋಗ್ರಾಂ ಮಿಲಿಗ್ರಾಂ ಆಗುತ್ತದೆ. ಐಎಸ್ 10500 ಮಾನಕದಂತೆ ಕುಡಿಯುವ ನೀರಿನಲ್ಲಿ ಆರ್ಸೆನಿಕ್‌ನ ಸ್ವೀಕಾರಾರ್ಹ ಮಿತಿ ಲೀಟರಿಗೆ 0.01 ಮಿಲಿಗ್ರಾಂ, ಅಂದರೆ 10 ಮೈಕ್ರೋಗ್ರಾಂ. ಚಿಹ್ನೆ ತಪ್ಪಿದರೆ ಸುರಕ್ಷಿತ ನೀರು ಮಿತಿಯ ಸಾವಿರ ಪಟ್ಟು ಕಲುಷಿತವೆಂದು ದಾಖಲಾಗುತ್ತದೆ. ಅಂಕಿ ಮಾತ್ರ 10 ಆಗಿಯೇ ಉಳಿಯುವುದರಿಂದ ಅನುಮಾನ ಮೂಡುವುದಿಲ್ಲ.

ವಹಿಸಬೇಕಾದ ಕ್ರಮಗಳು

1. ಎಲ್ಲ ದಾಖಲೆಗಳನ್ನು ಯೂನಿಕೋಡ್ ಫಾಂಟ್‌ನಲ್ಲಿಯೇ ಸಿದ್ಧಪಡಿಸುವಂತೆ ಸೂಚಿಸುವುದು.

2. ವಿಂಡೋಸ್ ಗಣಕಯಂತ್ರದಲ್ಲಿ ಆಲ್ಟ್ ಕೀಲಿಯನ್ನು ಒತ್ತಿಹಿಡಿದು, ಬಲಬದಿಯ ಅಂಕಿಫಲಕದಲ್ಲಿ 0178 ಒತ್ತಿದರೆ ², 0176 ಒತ್ತಿದರೆ °, 0181 ಒತ್ತಿದರೆ µ ದೊರೆಯುತ್ತದೆ. ಚಿಹ್ನೆಗಾಗಿ ಸಿಂಬಲ್ ಫಾಂಟ್ ಬಳಸಬಾರದು.

3. ನಿವೇಶನದ ವಿಸ್ತೀರ್ಣ, ನೀರಿನ ಗುಣಮಟ್ಟ ಮುಂತಾದ ಹಕ್ಕು ಮತ್ತು ಆರೋಗ್ಯದ ವಿಷಯಗಳಲ್ಲಿ ‘ಚದರ ಮೀಟರ್’, ‘ಮೈಕ್ರೋಗ್ರಾಂ’ ಎಂದು ಅಕ್ಷರಗಳಲ್ಲಿಯೇ ಬರೆಯಿಸುವುದು. 30×40 ಅಡಿ ನಿವೇಶನವನ್ನು ‘111.48 ಚದರ ಮೀಟರ್’ ಎಂದು ಬರೆದರೆ ಯಾವ ಯಂತ್ರದಲ್ಲಿ ತೆರೆದರೂ ಅರ್ಥ ಕೆಡದು.

4. ಪಿಡಿಎಫ್ ಮಾಡುವಾಗ ಫಾಂಟ್‌ಗಳನ್ನು ಕಡತದೊಳಗೆ ಅಡಕಗೊಳಿಸಿ, ಬೇರೊಂದು ಗಣಕಯಂತ್ರ ಅಥವಾ ಮೊಬೈಲ್‌ನಲ್ಲಿ ತೆರೆದು ನೋಡುವುದು.

5. ಹಳೆಯ ಕಡತವನ್ನು ಯೂನಿಕೋಡ್‌ಗೆ ಪರಿವರ್ತಿಸಿದ ನಂತರ ಪ್ರತಿಯೊಂದು ಅಳತೆಯನ್ನೂ ಮೂಲ ಪ್ರತಿಯೊಂದಿಗೆ ತಾಳೆ ನೋಡುವುದು.

ಸಭೆಯಲ್ಲಿ ದಾಖಲೆಯನ್ನು ಅಂಗೀಕರಿಸುವ ಮುನ್ನ ಸದಸ್ಯರು ಅಂಕಿಯ ಜೊತೆಗೆ ಅದರ ಮುಂದಿನ ಅಳತೆಯನ್ನೂ ಓದಿಸಿ ಕೇಳುವುದು ಸೂಕ್ತ.