ಹೊಸ ಗಣಕಯಂತ್ರವೂ ಮನೆಯ ಜಾಲವೂ

ವಿಂಡೋಸ್ 10ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿದುದರಿಂದ ಅನೇಕ ಮನೆಗಳಲ್ಲಿ ಹಳೆಯ ಗಣಕಯಂತ್ರದ ಸ್ಥಾನಕ್ಕೆ ಹೊಸದು ಬಂದಿದೆ. ನಾಸಿಕದ ಸಾತಪುರ, ಅಂಬಡಗಳನ್ನೂ ಛತ್ರಪತಿ ಸಂಭಾಜಿನಗರದ ವಾಳೂಜವನ್ನೂ ನಂಬಿ ಬಂದು ನೆಲಸಿದ ಕನ್ನಡಿಗರಿಗೆ ಈ ಬದಲಾವಣೆಯು ಕೇವಲ ಯಂತ್ರದ ಬದಲಾವಣೆಯಲ್ಲ. ‘ಕವಿರಾಜಮಾರ್ಗ’ವು ಕನ್ನಡ ನಾಡಿನ ಬಡಗಣ ಎಲ್ಲೆಯೆಂದು ಹೇಳಿದ ಗೋದಾವರಿಯ ಸೀಮೆಯಲ್ಲಿ ಇಂದು ಕನ್ನಡ ಗ್ರಂಥವು ಕೈಗೆ ಸುಲಭವಾಗಿ ಎಟಕುವಂಥದಲ್ಲ. ಹಿರಿಯರ ಪತ್ರಗಳು, ಹಳೆಯ ಪುಸ್ತಕಗಳ ಛಾಯಾಪ್ರತಿಗಳು, ವರ್ಷಗಳ ಟಿಪ್ಪಣಿಗಳು ಮನೆಯ ಜಾಲಕ್ಕೆ ಸೇರಿಸಿದ ಒಂದು ಹಾರ್ಡ್‌ಡಿಸ್ಕಿನಲ್ಲಿ ಅಡಗಿರುತ್ತವೆ. ಹೊಸ ಯಂತ್ರಕ್ಕೆ ಅದು ಕಾಣದಿದ್ದಾಗ ಎಲ್ಲವೂ ಕಳೆದುಹೋಯಿತೆಂಬ ಭೀತಿ ಸಹಜವಾದದ್ದೇ. ಆದರೆ ಸಾಮಾನ್ಯವಾಗಿ ಕಳೆದಿರುವುದು ದಾರಿಯೇ ಹೊರತು ನಿಧಿಯಲ್ಲ.

ಮೊದಲು ವಿಚಾರಿಸತಕ್ಕದ್ದು, ಕೊಂಡಿ ಎಲ್ಲಿ ಕಳಚಿದೆ ಎಂಬುದನ್ನು. ಅದೇ ವೈಫೈಯಲ್ಲಿ ದೂರವಾಣಿಯು ನಡೆಯುತ್ತಿದ್ದರೆ ರೌಟರನ್ನು ದೂಷಿಸಲು ಕಾರಣವಿಲ್ಲ. ಆಗ ಹೊಸ ಯಂತ್ರದ ಐಪಿ ವಿಳಾಸವನ್ನು ನೋಡಬೇಕು. ಮನೆಯ ರೌಟರು ತನ್ನನ್ನು ಆಶ್ರಯಿಸಿದ ಪ್ರತಿಯೊಂದು ಯಂತ್ರಕ್ಕೂ ಒಂದೊಂದು ವಿಳಾಸವನ್ನು ಹಂಚುತ್ತದೆ. ಅದು ಬಹುಮಟ್ಟಿಗೆ 192.168 ಎಂದು ಮೊದಲಾಗುತ್ತದೆ. ಅದರ ಬದಲು 169.254 ಎಂದು ಕಂಡರೆ, ಕೇಳಿದರೂ ವಿಳಾಸ ದೊರೆಯದೆ ಯಂತ್ರವು ತನಗೆ ತಾನೇ ಒಂದನ್ನು ಇಟ್ಟುಕೊಂಡಿದೆ ಎಂದು ತಿಳಿಯಬೇಕು. ರೌಟರನ್ನು ಒಮ್ಮೆ ಆರಿಸಿ ಹೊತ್ತಿಸುವುದು, ಗುಪ್ತಪದವನ್ನು ಅಳಿಸಿ ಮತ್ತೆ ಬರೆಯುವುದು ಇಲ್ಲಿ ಫಲ ಕೊಡುವುದುಂಟು.

ಇನ್ನೊಂದು ಬಗೆಯ ತೊಡಕು ಊರು ಬದಲಿಸಿದಾಗ ಬರುತ್ತದೆ. ಸಂಭಾಜಿನಗರದಲ್ಲಿರುವ ಮಗನು ಯಂತ್ರವನ್ನು ಸಿದ್ಧಪಡಿಸಿ, 192.168.0 ಎಂಬ ಸಾಲಿನ ವಿಳಾಸವನ್ನು ಕೈಯಿಂದಲೇ ಬರೆದು, ನಾಸಿಕದ ತಂದೆಗೆ ಕಳುಹಿಸಿದನೆನ್ನೋಣ. ತಂದೆಯ ರೌಟರು 192.168.1 ಎಂಬ ಸಾಲಿನದಾದರೆ ವೈಫೈ ಕೂಡಿಕೊಂಡಂತೆ ತೋರಿದರೂ ಮಾತುಕತೆ ನಡೆಯದು. ವಿಳಾಸವನ್ನು ‘ತಾನಾಗಿಯೇ ಪಡೆಯುವಂತೆ’ ಬದಲಿಸಿದರೆ ಸಾಕು.

ಹಳೆಯ ನಾಸಿಕದ ವಾಡೆಗಳ ದಪ್ಪ ಗೋಡೆಗಳನ್ನೂ ಮರೆಯಬಾರದು. 5 ಗಿಗಾಹರ್ಟ್ಸ್ ಅಲೆಯು ವೇಗವುಳ್ಳದ್ದಾದರೂ ಗೋಡೆಯ ಮುಂದೆ ಬೇಗ ಸೊರಗುತ್ತದೆ, 2.4 ಗಿಗಾಹರ್ಟ್ಸ್ ನಿಧಾನವಾದರೂ ದೂರ ಸಾಗುತ್ತದೆ. ಎಲ್ಲೋರದ ಕೈಲಾಸವನ್ನು ಕೊರೆಯಲು ರಾಷ್ಟ್ರಕೂಟರ ಶಿಲ್ಪಿಗಳಿಗೆ ಒದಗಿದ ಆ ಕರಿಗಲ್ಲು ವೈಫೈಗೆ ಅಷ್ಟು ಉಪಕಾರಿಯಲ್ಲ.

ಇವೆಲ್ಲ ಸರಿಯಿದ್ದು, ಅಂತರಜಾಲವೂ ತೆರೆದು, ಹಾರ್ಡ್‌ಡಿಸ್ಕು ಮಾತ್ರ ತೆರೆಯದಿದ್ದರೆ ಅದೇ ನಿಜವಾದ ಗಂಟು. ಕಡತಗಳನ್ನು ಹಂಚಿಕೊಳ್ಳುವ ಎಸ್‌ಎಂಬಿ ಎಂಬ ಕ್ರಮದ ಮೊದಲ ಆವೃತ್ತಿಯಲ್ಲಿದ್ದ ದೋಷವನ್ನೇ ಹಿಡಿದು 2017ರ ಮೇ ತಿಂಗಳಲ್ಲಿ ‘ವನ್ನಾಕ್ರೈ’ ಎಂಬ ಪಿಡುಗು ಲೋಕವೆಲ್ಲ ಹಬ್ಬಿತು. ಹೊಸ ವಿಂಡೋಸ್ ಆ ಆವೃತ್ತಿಯನ್ನು ತಾನಾಗಿ ಬಳಸುವುದಿಲ್ಲ. 2024ರ ಆವೃತ್ತಿಯಿಂದೀಚೆಗೆ ವಿಂಡೋಸ್ 11 ಪ್ರೊ, ಗುಪ್ತಪದವಿಲ್ಲದ ಅತಿಥಿ ಪ್ರವೇಶವನ್ನೂ ಒಪ್ಪುವುದಿಲ್ಲ. ಹಳೆಯ ಡಿಸ್ಕು ಈ ಎರಡರಲ್ಲೊಂದನ್ನು ನಂಬಿಕೊಂಡಿದ್ದರೆ ಬಾಗಿಲು ಮುಚ್ಚಿಯೇ ಇರುತ್ತದೆ. ಮೊದಲ ಆವೃತ್ತಿಯನ್ನು ಮತ್ತೆ ಎಬ್ಬಿಸಬೇಕೆಂಬ ಸಲಹೆ ಅಲ್ಲಲ್ಲಿ ಕೇಳಿಬರುತ್ತದೆ. ಅದು ಕಳ್ಳನಿಗೆ ಹಿತ್ತಿಲ ಬಾಗಿಲು ತೆರೆದಿಟ್ಟಂತೆ. ಡಿಸ್ಕಿನ ಒಳತಂತ್ರಾಂಶವನ್ನು ನವೀಕರಿಸಿ, ಬಳಕೆದಾರನ ಹೆಸರನ್ನೂ ಗುಪ್ತಪದವನ್ನೂ ನಿಗದಿಮಾಡುವುದೇ ಯುಕ್ತ. ಡಿಸ್ಕು ನವೀಕರಣಕ್ಕೆ ಒಳಪಡದಷ್ಟು ಹಳೆಯದಾಗಿದ್ದರೆ, ಹಳೆಯ ಗಣಕಯಂತ್ರವನ್ನು ಮಾರುವ ಮೊದಲೇ ಅದರ ಮೂಲಕ ಕಡತಗಳನ್ನು ಬೇರೊಂದು ಡಿಸ್ಕಿಗೆ ನಕಲಿಸಬೇಕು.

ಕಡೆಗೆ ಕಡತ ತೆರೆದೂ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳು ಕಂಡರೆ, ಜಾಲವು ತನ್ನ ಕೆಲಸವನ್ನು ಪೂರೈಸಿದೆ. ಅದು ಯೂನಿಕೋಡ್ ಬಳಕೆ ಹರಡುವ ಮುನ್ನ ‘ನುಡಿ’ ಅಥವಾ ‘ಬರಹ’ದಲ್ಲಿ ಬೆರಳಚ್ಚಾದ ಬರಹವಿರಬಹುದು. ಆಯಾ ಲಿಪಿವಿನ್ಯಾಸವನ್ನು ಹೊಸ ಯಂತ್ರದಲ್ಲಿ ಸ್ಥಾಪಿಸಿದರೆ ಅಕ್ಷರಗಳು ಮೂಡುತ್ತವೆ. ಯೂನಿಕೋಡಿಗೆ ಪರಿವರ್ತಿಸಿದರೂ ಮೂಲ ಕಡತವನ್ನು ಅಳಿಸಬಾರದು, ಏಕೆಂದರೆ ಪರಿವರ್ತನೆಯಲ್ಲಿ ಅರ್ಕಾವೊತ್ತುಗಳು ಸ್ಥಾನ ತಪ್ಪುವುದುಂಟು.