ಕಿವಿ ಮಷಿನ್ ತಂದ ಮೇಲೆ

“ಕೇಳಸ್ತದ, ಆದ್ರ ತಿಳೀವಲ್ದು.” ವಿಜಯಪುರ ಜಿಲ್ಲೆಯ ಅರಕೇರಿ, ತಿಕೋಟಾ, ಬಬಲೇಶ್ವರ ಕಡೆ ಕಿವಿ ಮಂದವಾದ ಹಿರಿಯರು ಹೀಗೆ ಹೇಳುತ್ತಾರೆ. ಅವರ ಮಾತು ಪೂರ್ತಿ ನಿಜ. ವಯಸ್ಸಾದಂತೆ ಸಾಮಾನ್ಯವಾಗಿ ಮೊದಲು ಹೋಗುವುದು ತೀಕ್ಷ್ಣ ದನಿಗಳು. ಸ, ಶ, ತ, ಪ ಇಂಥ ಅಕ್ಷರಗಳಿಗೆ ಬಲ ಕಡಿಮೆ, ಅವು ಜಾರಿಹೋಗುತ್ತವೆ. ಆ, ಈ, ಊ ಉಳಿಯುತ್ತವೆ. ಹೀಗಾಗಿ ‘ಕಾಯಿ’ ಅಂದರೋ ‘ತಾಯಿ’ ಅಂದರೋ ತಿಳಿಯುವುದಿಲ್ಲ. ನೀವು ಎಷ್ಟು ಜೋರಾಗಿ ಒದರಿದರೂ ದೊಡ್ಡದಾಗುವುದು ‘ಆಯಿ’ ಮಾತ್ರ.

ಈ ಕೊರತೆ ತುಂಬಲು ಇರುವುದೇ ಹಿಯರಿಂಗ್ ಏಡ್, ನಮ್ಮ ಬಾಯಲ್ಲಿ ಕಿವಿ ಮಷಿನ್. ಅದರಲ್ಲಿ ಒಂದು ಸಣ್ಣ ಮೈಕು ಇದೆ. ಸದ್ದನ್ನು ಹಿಗ್ಗಿಸುವ ಆಂಪ್ಲಿಫೈಯರ್ ಇದೆ. ಹಿಗ್ಗಿದ ಸದ್ದನ್ನು ಕಿವಿಯೊಳಗೆ ಬಿಡುವ ರಿಸೀವರ್, ಅಂದರೆ ಪುಟ್ಟ ಸ್ಪೀಕರ್ ಇದೆ. ಮೊದಲು ಆಡಿಯೊಗ್ರಾಂ ತೆಗೆಯುತ್ತಾರೆ. ಯಾವ ದನಿ ಎಷ್ಟು ಜೋರಿದ್ದರೆ ನಿಮಗೆ ಕೇಳುತ್ತದೆ ಎಂದು ತೋರಿಸುವ ನಕ್ಷೆ ಅದು. ಡಿಜಿಟಲ್ ಮಷಿನನ್ನು ಆ ನಕ್ಷೆ ನೋಡಿ ಕಂಪ್ಯೂಟರಿನಲ್ಲಿ ಹೊಂದಿಸುತ್ತಾರೆ. ಬೇರೆಯವರ ಚಷ್ಮಾ ನಿಮಗೆ ಆಗದ ಹಾಗೆ ಬೇರೆಯವರ ಮಷಿನೂ ನಿಮಗೆ ಆಗುವುದಿಲ್ಲ.

ಹಾಕಿಕೊಂಡ ಮೊದಲ ದಿನ ಪಾತ್ರೆ ಸದ್ದು, ಫ್ಯಾನಿನ ಸದ್ದು, ಸ್ವಂತ ದನಿ ಎಲ್ಲವೂ ಮೈಮೇಲೆ ಬಿದ್ದ ಹಾಗೆ ಅನ್ನಿಸುತ್ತದೆ. ಗಾಬರಿಯಾಗಬೇಡಿ. ಬಹಳ ದಿನ ಕೇಳದೇ ಇದ್ದ ಸದ್ದುಗಳನ್ನು ಮಿದುಳು ಮತ್ತೆ ಕಲಿಯಬೇಕು. ಶಾಂತ ಕೋಣೆಯಲ್ಲಿ ಒಬ್ಬರ ಜೊತೆ ಮಾತಾಡುತ್ತ, ದಿನಕ್ಕೆ ಎರಡು ತಾಸಿನಿಂದ ಶುರು ಮಾಡಿ. ಮುಂದೆ ತಾಸು ಹೆಚ್ಚಿಸಿ. ಸಂತೆ, ಮದುವೆ ಆಮೇಲೆ. ಕೆಲವು ವಾರ ಹಿಡಿಯುತ್ತದೆ. ಎಷ್ಟೋ ಮಷಿನ್‌ಗಳು ಈ ವಾರಗಳಲ್ಲೇ ಡಬ್ಬಿ ಸೇರುತ್ತವೆ ಎಂಬುದು ನನಗೆ ನೋವಿನ ಸಂಗತಿ. ಮನೆಯವರೂ ಒದರುವುದು ಬಿಟ್ಟು, ಎದುರಿಗೆ ಬಂದು, ಮುಖ ಕಾಣುವಂತೆ, ನಿಧಾನ ಮಾತಾಡಬೇಕು.

ಎಡ ಬಲ ಗೊತ್ತಾಗದಿದ್ದರೆ ಬಣ್ಣ ನೋಡಿ. ಕೆಂಪು ಗುರುತು ಬಲಗಿವಿಗೆ, ನೀಲಿ ಎಡಗಿವಿಗೆ.

ಇನ್ನು ಬ್ಯಾಟರಿ. ಗುಂಡಿಯಂಥ ಸೆಲ್‌ಗಳಿಗೆ ಜಿಂಕ್-ಏರ್ ಎನ್ನುತ್ತಾರೆ. ಅವು ಗಾಳಿ ತಗುಲಿದಾಗಲೇ ಕೆಲಸ ಶುರು ಮಾಡುತ್ತವೆ. ಮೇಲಿನ ಬಣ್ಣದ ಚೀಟಿ ಗಾಳಿಯ ತೂತು ಮುಚ್ಚಿರುತ್ತದೆ. ಚೀಟಿ ಕಿತ್ತು ಎರಡು ಮೂರು ನಿಮಿಷ ಬಿಟ್ಟು ಆಮೇಲೆ ಹಾಕಿ. ಒಮ್ಮೆ ಕಿತ್ತರೆ ಬಳಸಿದರೂ ಬಳಸದಿದ್ದರೂ ಅದು ಸವೆಯುತ್ತದೆ, ಚೀಟಿ ಮತ್ತೆ ಅಂಟಿಸಿ ಉಪಯೋಗವಿಲ್ಲ. ಕಿವಿಯ ಹಿಂದೆ ಕೂಡುವ ಮಷಿನ್‌ಗೆ ಹೆಚ್ಚಾಗಿ ಕೇಸರಿ ಚೀಟಿಯ 13 ನಂಬರ್ ಅಥವಾ ನೀಲಿ ಚೀಟಿಯ 675 ಬೇಕಾಗುತ್ತದೆ. 13 ನಂಬರಿನದು ಒಂದೆರಡು ವಾರ ಬರುತ್ತದೆ. ನಮ್ಮ ಬೇಸಿಗೆಯ ಒಣಗಾಳಿಗೆ ಇನ್ನೂ ಬೇಗ ಮುಗಿಯಬಹುದು. ಫ್ರಿಜ್‌ನಲ್ಲಿ ಇಡಬೇಡಿ, ತೇವ ಕೂಡುತ್ತದೆ. ಸಣ್ಣ ಮಕ್ಕಳಿದ್ದರೆ ಹಳೆಯ ಸೆಲ್ಲನ್ನೂ ಕೈಗೆ ಸಿಗದಂತೆ ಇಡಿ. ನುಂಗಿದರೆ ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಓಡಬೇಕು.

ರಾತ್ರಿ ಮಲಗುವ ಮುಂಚೆ ಐದು ನಿಮಿಷ ಕೊಡಿ. ಒಣಗಿದ ಮೆತ್ತನೆ ಬಟ್ಟೆಯಿಂದ ಮಷಿನ್ ಒರೆಸಿ. ಬಾಯಿಗೆ ಕೂತ ಗುಗ್ಗೆಯನ್ನು ಸಣ್ಣ ಬ್ರಷ್‌ನಿಂದ ತೆಗೆಯಿರಿ. ಪಿನ್ನು, ಸೂಜಿ ಬೇಡ. ಕಿವಿಯ ಅಚ್ಚು ತೆಗೆದು ಮಾಡಿದ ಮೋಲ್ಡ್ ಇದ್ದರೆ ಅದನ್ನು ಮಷಿನ್‌ನಿಂದ ಬಿಡಿಸಿ, ಉಗುರುಬೆಚ್ಚಗಿನ ಸೋಪಿನ ನೀರಲ್ಲಿ ತೊಳೆದು, ನಳಿಕೆಯಲ್ಲಿ ಹನಿ ಉಳಿಯದಂತೆ ಒಣಗಿಸಿ. ಮಷಿನ್‌ಗೆ ಮಾತ್ರ ನೀರೂ ಬೇಡ, ಸ್ಪಿರಿಟೂ ಬೇಡ. ಬ್ಯಾಟರಿ ತೆಗೆದು ಬದಿಗಿಟ್ಟು, ಮಷಿನನ್ನು ಸಿಲಿಕಾ ಜೆಲ್ ಡಬ್ಬಿಯಲ್ಲಿ ಇಡಿ. ಸಿಲಿಕಾ ಜೆಲ್ ಅಂದರೆ ತೇವ ಹೀರುವ ಹರಳು. ಹರಳಿನ ಬಣ್ಣ ಬದಲಾದರೆ ಅದರ ಹೊಟ್ಟೆ ತುಂಬಿದೆ ಎಂದರ್ಥ.

ಜಳಕಕ್ಕೆ, ಕ್ಷೌರಕ್ಕೆ, ತಲೆಗೆ ಎಣ್ಣೆ ಹಚ್ಚುವಾಗ ತೆಗೆದಿಡಿ. ದ್ರಾಕ್ಷಿ ತೋಟಕ್ಕೆ ಔಷಧ ಹೊಡೆಯುವಾಗ, ಜೋಳದ ರಾಶಿ ಮಾಡುವಾಗಲೂ ತೆಗೆಯಿರಿ. ಅಮೋಘಸಿದ್ಧನ ಜಾತ್ರೆಗೆ ಹೋದರೆ ಡೊಳ್ಳಿನ ನಡುವೆ ಮಷಿನ್ ಡಬ್ಬಿಯಲ್ಲಿರಲಿ. ಭಂಡಾರದ, ಅಂದರೆ ಅರಿಶಿನದ, ಪುಡಿ ಮೈಕಿನ ತೂತಿಗೆ ಕೂತರೆ ದನಿ ಮಂಕಾಗುತ್ತದೆ. ಬಿಸಿಲಲ್ಲಿ ನಿಂತ ಬೈಕಿನ ಡಿಕ್ಕಿಯಲ್ಲಿ ಅದನ್ನು ಎಂದಿಗೂ ಬಿಡಬೇಡಿ. ನೀರಲ್ಲಿ ಬಿದ್ದರೆ ತಕ್ಷಣ ಬ್ಯಾಟರಿ ತೆಗೆದು, ಒರೆಸಿ, ಸಿಲಿಕಾ ಡಬ್ಬಿಗೆ ಹಾಕಿ. ಒಲೆ ಮುಂದೆ ಕಾಯಿಸಬೇಡಿ.

“ಕುಂಯ್ ಅಂತದ” ಎಂಬ ದೂರು ಬಹಳ. ಗುಡಿಯಲ್ಲಿ ಮೈಕು ಸ್ಪೀಕರಿನ ಹತ್ತಿರ ಹೋದರೆ ಸಿಳ್ಳೆ ಹೊಡೆಯುತ್ತದಲ್ಲ, ಇದೂ ಅದೇ. ಕಿವಿಯಿಂದ ಸೋರಿದ ಸದ್ದು ಮತ್ತೆ ಮೈಕಿಗೆ ಬರುತ್ತದೆ. ಮೋಲ್ಡ್ ಸರಿಯಾಗಿ ಕೂತಿದೆಯೇ ನೋಡಿ. ಪಟಕಾ ಮಷಿನನ್ನು ಒತ್ತುತ್ತಿದ್ದರೆ ಸ್ವಲ್ಪ ಮೇಲೆ ಸುತ್ತಿ. ಹೆಣ್ಣುಮಕ್ಕಳಿಗೆ ತಲೆ ಮೇಲಿನ ಸೆರಗು ಉಜ್ಜಿ ಸರಸರ ಕೇಳಬಹುದು. ಇದೆಲ್ಲ ಸರಿ ಇದ್ದೂ ಸಿಳ್ಳೆ ನಿಲ್ಲದಿದ್ದರೆ ಕಿವಿಯಲ್ಲಿ ಗುಗ್ಗೆ ತುಂಬಿರಬಹುದು, ವೈದ್ಯರಿಂದ ತೆಗೆಸಿ. ಮೋಲ್ಡ್ ಹಳೆಯದಾಗಿ ಸಡಿಲಾಗಿದ್ದರೆ ಹೊಸ ಅಚ್ಚು ಬೇಕು.

ಖರ್ಚು ಎಷ್ಟು? ಕಿಸೆಯಲ್ಲಿಟ್ಟು ವೈರ್ ಎಳೆದುಕೊಳ್ಳುವ ಪಾಕೆಟ್ ಮಾದರಿ ಕೆಲವು ಸಾವಿರಕ್ಕೆ ಸಿಗುತ್ತದೆ. ಕಿವಿಯ ಹಿಂದಿನ ಡಿಜಿಟಲ್ ಮಷಿನ್ ಒಂದಕ್ಕೆ ಸುಮಾರು 10–15 ಸಾವಿರದಿಂದ ಹಿಡಿದು ಲಕ್ಷ ದಾಟುವವರೆಗೂ ಬೆಲೆ ಇದೆ. ಬ್ಯಾಟರಿ ಖರ್ಚು ಬೇರೆ. ಪರೀಕ್ಷೆ ಮಾಡಿಸದೆ ಅಗ್ಗಕ್ಕೆ ಸಿಕ್ಕಿತೆಂದು ಮೊಬೈಲಿನಲ್ಲಿ ತರಿಸಬೇಡಿ.

ಮೊದಲು ವಿಜಯಪುರದ ಜಿಲ್ಲಾ ಆಸ್ಪತ್ರೆಗೋ ಬಿಎಲ್‌ಡಿಇಯ ಬಿ.ಎಂ. ಪಾಟೀಲ ಮೆಡಿಕಲ್ ಕಾಲೇಜು ಆಸ್ಪತ್ರೆಗೋ ಹೋಗಿ ಕಿವಿ-ಮೂಗು-ಗಂಟಲು ವೈದ್ಯರನ್ನು ಕಾಣಿ. ತೊಡಕಿನ ಪ್ರಕರಣವಾದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, 1965ರಿಂದ ಇದೇ ಕೆಲಸ ಮಾಡುತ್ತಿದೆ. ಶೇ 40 ಅಥವಾ ಹೆಚ್ಚು ಶ್ರವಣದೋಷದ ಪ್ರಮಾಣಪತ್ರವಿದ್ದು ಆದಾಯ ಮಿತಿಯೊಳಗಿದ್ದರೆ ಕೇಂದ್ರದ ಎಡಿಐಪಿ ಯೋಜನೆಯಲ್ಲಿ ನೆರವು ಸಿಗುತ್ತದೆ. 60 ದಾಟಿದ ಬಡವರಿಗೆ 2017ರಲ್ಲಿ ಶುರುವಾದ ರಾಷ್ಟ್ರೀಯ ವಯೋಶ್ರೀ ಯೋಜನೆ ಇದೆ. ಈ ಯೋಜನೆಗಳ ಶಿಬಿರ ಯಾವಾಗ ಎಂದು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ.

ಶಿಬಿರದಲ್ಲಿ ಸಿಕ್ಕ ಮಷಿನ್ ಆದರೂ ತಿಂಗಳೊಳಗೆ ಒಮ್ಮೆ ಆಡಿಯಾಲಜಿಸ್ಟ್, ಅಂದರೆ ಶ್ರವಣ ತಜ್ಞರ ಬಳಿ ಹೊಂದಿಸಿಕೊಳ್ಳಿ. ಹೋಗುವಾಗ ಯಾವ ಮಾತು ತಿಳಿಯಲಿಲ್ಲ, ಯಾರ ದನಿ ಚುಚ್ಚಿತು ಎಂದು ಮೊಮ್ಮಕ್ಕಳ ಕೈಲಿ ಚೀಟಿ ಬರೆಸಿಕೊಂಡು ಹೋಗಿ. ಅದನ್ನು ನೋಡಿಯೇ ಅವರು ಮಷಿನ್ ತಿದ್ದುತ್ತಾರೆ.