ಶೀತರಕ್ತವೆಂಬ ಹೆಸರು ಸಲ್ಲುವುದೆ?

ಮುಂಜಾನೆಯ ಎಳೆಬಿಸಿಲು ಬೇಲಿಯ ಮೇಲೆ ಬಿದ್ದೊಡನೆ ಓತಿಯೊಂದು ಬಂದು ಮೈಯೊಡ್ಡಿ ಕುಳಿತುಕೊಳ್ಳುವುದನ್ನು ವಾಚಕರೆಲ್ಲರೂ ನೋಡಿರಬಹುದು. ಹೊತ್ತೇರಿದ ಮೇಲೆ ಅದೇ ಓತಿಯು ಎಲೆಯ ಮರೆಗೆ ಸರಿದಿರುತ್ತದೆ. ಇದನ್ನು ಸೋಮಾರಿತನವೆಂದು ನಗುವವರುಂಟು. ಆದರೆ ಈ ಬಿಸಿಲು ನೆಳಲುಗಳ ಓಡಾಟದಲ್ಲಿ ಅದರ ಪ್ರಾಣವೇ ಅಡಗಿರುವುದೆಂದು ತೋರಿಸಿಕೊಟ್ಟ ವಿಜ್ಞಾನಿಗಳಲ್ಲಿ ಅಮೆರಿಕದ ರೇಮಂಡ್ ಕೌಲ್ಸರು ಮುಖ್ಯರಾದವರು.

ಕೌಲ್ಸರು ೧೮೯೬ರಲ್ಲಿ ದಕ್ಷಿಣ ಆಫ್ರಿಕದ ನಟಾಲ್ ಪ್ರಾಂತದಲ್ಲಿ, ಅಮೆರಿಕದ ಮಿಷನರಿ ದಂಪತಿಗಳ ಮಗನಾಗಿ ಜನಿಸಿದರು. ಆ ನಾಡಿನ ನೈಲ್ ಉಡವೇ ಅವರ ಮೊದಲ ಸಂಶೋಧನೆಯ ವಿಷಯವಾಯಿತು. ಹೆಣ್ಣು ಉಡವು ಗೆದ್ದಲಿನ ಹುತ್ತವನ್ನು ಬಗೆದು, ಅದರೊಳಗೆ ಮೊಟ್ಟೆಗಳನ್ನಿಟ್ಟು ಹೊರಟುಹೋಗುತ್ತದೆ. ಒಡೆದ ಗೋಡೆಯನ್ನು ಗೆದ್ದಲುಗಳೇ ಮತ್ತೆ ಕಟ್ಟಿ ಮುಚ್ಚುತ್ತವೆ. ಹೊರಗೆ ಚಳಿಯಾಗಲಿ ಬೇಗೆಯಾಗಲಿ, ಹುತ್ತದೊಳಗಣ ಬೆಚ್ಚನೆಯ ತೇವದಲ್ಲಿ ಮೊಟ್ಟೆಗಳು ಸುರಕ್ಷಿತವಾಗಿ ಬೆಳೆಯುತ್ತವೆ. ತಾಯಿಯು ಕಾವು ಕೊಡಲಾರದು. ಆದರೆ ಕಾವು ದೊರೆಯುವ ಸ್ಥಳವನ್ನು ಅದು ಬಲ್ಲುದು. ಈ ವಿಷಯವನ್ನು ಕೌಲ್ಸರು ೧೯೩೦ರಲ್ಲಿ ಪ್ರಕಟಿಸಿದರು.

ಮುಂದೆ ಅವರು ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಲ್ಲಿ ಮೂರು ದಶಕಗಳಿಗೂ ಹೆಚ್ಚು ಕಾಲ ಅಧ್ಯಾಪಕರಾಗಿದ್ದರು. ಹಾವು, ಹಲ್ಲಿ, ಆಮೆ ಮೊದಲಾದ ಸರೀಸೃಪಗಳು ಶೀತರಕ್ತದ ಪ್ರಾಣಿಗಳು. ಸುತ್ತಣ ಗಾಳಿ ಕಾದಂತೆ ಅವು ಕಾಯುವುವು, ತಣಿದಂತೆ ತಣಿಯುವುವು. ಮರುಭೂಮಿಯಲ್ಲಿ ವಾಸಿಸುವುವಾದುದರಿಂದ ಎಂತಹ ಬೇಗೆಯನ್ನಾದರೂ ತಡೆದುಕೊಳ್ಳುವುವು ಎಂಬುದು ಆಗ ಬಹು ಮಂದಿಯ ನಂಬಿಕೆಯಾಗಿದ್ದಿತು. ಕೌಲ್ಸರೂ ಅವರ ಸಹೋದ್ಯೋಗಿ ಚಾರ್ಲ್ಸ್ ಬೋಗರ್ಟರೂ ಗಾಳಿಯ ಶಾಖವನ್ನು ಮಾತ್ರ ಅಳೆದು ತೃಪ್ತರಾಗದೆ, ಪ್ರಾಣಿಯ ದೇಹದೊಳಗಣ ಶಾಖವನ್ನೇ ಅಳೆದು ನೋಡಿದರು. ಕ್ಯಾಲಿಫೋರ್ನಿಯದ ಕೊಯಚೆಲ್ಲ ಕಣಿವೆಯ ಮರಳುಗಾಡಿನಲ್ಲಿ ನಡೆದ ಈ ಕಾರ್ಯದ ಫಲವು ೧೯೪೪ರಲ್ಲಿ ಗ್ರಂಥರೂಪವಾಗಿ ಹೊರಬಂದಿತು.

ಕಂಡುಬಂದುದು ಅಚ್ಚರಿಯ ಸಂಗತಿ. ಮರಳಿನ ಮೇಲೆ ಓರೆಯಾಗಿ ಹರಿಯುವ, ಬಾಲದಲ್ಲಿ ಗಿಲಕಿಯುಳ್ಳ ವಿಷಸರ್ಪವು ಮರುಭೂಮಿಯ ಪ್ರಜೆಯೇ ಸರಿ. ಆದರೂ ನಡುಹಗಲಿನ ಬಿಸಿಲಿನಲ್ಲಿ, ಮರೆಯಿಲ್ಲದ ಮರಳಿನ ಮೇಲೆ ಸಿಕ್ಕಿಬಿದ್ದರೆ ಅದು ಕೆಲವೇ ನಿಮಿಷಗಳಲ್ಲಿ ಸಾಯುತ್ತದೆ. ಅದು ರಾತ್ರಿಯಲ್ಲಿ ಸಂಚರಿಸುವುದು ಈ ಕಾರಣದಿಂದಲೇ. ಅಲ್ಲಿಯ ಇಗ್ವಾನವೆಂಬ ಓತಿಯಾದರೋ ಸುಮಾರು ೪೦ ಡಿಗ್ರಿ ಸೆಂಟಿಗ್ರೇಡ್ ದೇಹಶಾಖದಲ್ಲಿ ಚಟುವಟಿಕೆಯಿಂದ ಓಡಾಡುತ್ತದೆ. ಮನುಷ್ಯನ ದೇಹಶಾಖವು ೩೭ ಡಿಗ್ರಿಯಷ್ಟೆ. ನಮಗಿಂತ ಬಿಸಿಯಾದ ರಕ್ತವುಳ್ಳ ಪ್ರಾಣಿಯನ್ನು ಶೀತರಕ್ತದ್ದೆಂದು ಕರೆಯುವುದು ಹೇಗೆ?

ಆದುದರಿಂದ ಭೇದವಿರುವುದು ರಕ್ತದ ಬಿಸಿಯಲ್ಲಲ್ಲ, ಬಿಸಿಯು ಬರುವ ಮೂಲದಲ್ಲಿ ಎಂದು ಕೌಲ್ಸರು ವಾದಿಸಿದರು. ನಮ್ಮ ದೇಹದಲ್ಲಿ ಒಲೆಯು ಸದಾ ಉರಿಯುತ್ತಿರುವುದು; ಅದಕ್ಕೆ ಅನ್ನವೇ ಸೌದೆ. ಓತಿಯ ಮನೆಯಲ್ಲಿ ಅಂತಹ ಒಲೆಯಿಲ್ಲ. ಅದು ಸೂರ್ಯನಿಂದಲೂ ಕಾದ ನೆಲದಿಂದಲೂ ಶಾಖವನ್ನು ಪಡೆಯುತ್ತದೆ; ಸಾಲದಿದ್ದರೆ ಬಿಸಿಲಿಗೆ ಮಗ್ಗುಲೊಡ್ಡುತ್ತದೆ, ಹೆಚ್ಚಾದರೆ ನೆಳಲನ್ನೋ ಬಿಲವನ್ನೋ ಸೇರುತ್ತದೆ. ಸೌದೆಯ ವೆಚ್ಚವಿಲ್ಲದ ಕಾರಣದಿಂದಲೇ ಹಾವು ವಾರಗಟ್ಟಲೆ ಉಪವಾಸವಿರಬಲ್ಲುದು.

ಇದನ್ನು ಪರೀಕ್ಷಿಸಲು ಕೌಲ್ಸರು ಓತಿಗಳಿಗೆ ತುಪ್ಪುಳಿನ ಅಂಗಿಯನ್ನು ತೊಡಿಸಿದರು! ೧೯೫೮ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ, ಅಂಗಿಯಿಂದ ಓತಿಗೆ ಉಪಕಾರವಾಗಲಿಲ್ಲ. ಹೊರಗಣ ಬಿಸಿಯು ಮೈಗೆ ತಾಕುವುದಕ್ಕೇ ಅದು ಅಡ್ಡಿಯಾಯಿತು. ಒಳಗೆ ಶಾಖವು ಹುಟ್ಟಿದರಲ್ಲವೆ ಕಂಬಳಿಯು ಅದನ್ನು ಕಾಪಾಡುವುದು?

ಅವರ ಊಹೆಗಳೆಲ್ಲವೂ ನಿಲ್ಲಲಿಲ್ಲ. ಪ್ರಾಚೀನ ಕಾಲದ ಡೈನೊಸಾರುಗಳು ಶಾಖ ಹೆಚ್ಚಿದುದರಿಂದ ಅಳಿದಿರಬಹುದೆಂದು ಅವರು ಭಾವಿಸಿದ್ದರು. ಸುಮಾರು ೬.೬ ಕೋಟಿ ವರ್ಷಗಳ ಹಿಂದೆ ಭೂಮಿಗೆ ಅಪ್ಪಳಿಸಿದ ಕ್ಷುದ್ರಗ್ರಹವೇ ಆ ವಿನಾಶಕ್ಕೆ ಮುಖ್ಯ ಕಾರಣವೆಂಬುದು ಈಗಿನ ವಿಜ್ಞಾನಿಗಳಲ್ಲಿ ಬಹುಮಂದಿಯ ಅಭಿಪ್ರಾಯ. ಆದರೆ ಸರೀಸೃಪಗಳಿಗೆ ಅತಿಶಾಖವೇ ಸಮೀಪದ ಶತ್ರುವೆಂಬ ಅವರ ಮೂಲವಿಚಾರವು ಸುಳ್ಳಾಗಲಿಲ್ಲ.

ಕೌಲ್ಸರು ೧೯೭೫ರಲ್ಲಿ ತೀರಿಕೊಂಡರು. ಅದೇ ವರ್ಷದಿಂದ ೧೯೯೫ರವರೆಗೆ ಮೆಕ್ಸಿಕೊ ದೇಶದಲ್ಲಿ ೪೮ ಜಾತಿಯ ಓತಿಗಳನ್ನು ೨೦೦ ಸ್ಥಳಗಳಲ್ಲಿ ಗುರುತಿಸಲಾಗಿದ್ದಿತು. ಆ ಸ್ಥಳಗಳನ್ನು ಮತ್ತೆ ಶೋಧಿಸಿದಾಗ, ೨೦೦೯ರ ವೇಳೆಗೆ ಶೇಕಡ ೧೨ರಷ್ಟು ಕಡೆಗಳಲ್ಲಿ ಅವು ಇಲ್ಲವಾಗಿದ್ದುವೆಂದು ೨೦೧೦ರಲ್ಲಿ ಪ್ರಕಟವಾಯಿತು. ಬಿಸಿಲು ನೇರವಾಗಿ ಕೊಂದಿತೆಂದಲ್ಲ. ಶಾಖವು ಏರಿದಷ್ಟೂ ಅವು ನೆಳಲಿನಲ್ಲಿ ಕಳೆಯಬೇಕಾದ ಹೊತ್ತು ಹೆಚ್ಚಿತು. ಆಹಾರವನ್ನು ಅರಸುವ ಹೊತ್ತು ಕುಗ್ಗಿತು. ಮರಿಮಾಡುವ ಕಾಲದಲ್ಲಿ ಹೊಟ್ಟೆಗೆ ಸಾಲದೆ ಸಂತಾನವು ಕ್ಷೀಣಿಸಿತೆಂದು ಆ ಸಂಶೋಧಕರು ವಿವರಿಸಿದರು.

ಬೇಲಿಯ ಮೇಲಣ ಓತಿಯನ್ನು ಕಂಡೊಡನೆ ಕಲ್ಲನ್ನು ಹುಡುಕುವುದು ನಮ್ಮ ಹುಡುಗರ ವಾಡಿಕೆ. ಅವರ ಕೈಯನ್ನು ತಡೆದು, ಅದು ಎಷ್ಟು ಹೊತ್ತಿಗೆ ಬಿಸಿಲಿಗೆ ಬಂದಿತು, ಎಷ್ಟು ಹೊತ್ತಿಗೆ ನೆಳಲಿಗೆ ಸರಿಯಿತು ಎಂಬುದನ್ನು ಬರೆದಿಡಲು ಹಿರಿಯರು ಹೇಳಬಾರದೆ? ಕೌಲ್ಸರ ವಿದ್ಯೆಯು ಮೊದಲಾದುದೂ ಇಂತಹ ನೋಟದಿಂದಲೇ.